ಹೈದರಾಬಾದಿನಲ್ಲಿ ಮುತ್ತಿನ ಬ್ರೇಸ್‌ಲೆಟ್ ಕೊಳ್ಳಬೇಕು. ಏನು ನೋಡಬೇಕು, ಆಮೇಲೆ ಹೇಗೆ ಕಾಪಾಡಬೇಕು?

ಬೀದರ್‌ಸೊಸೆ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾದಿನಿಯ ಮದುವೆ. ಸರ, ಓಲೆ, ಬಳೆ ಎಲ್ಲ ಆಗಿದೆ. ನಾನು ಅವಳ ಕೈಗೆ ಒಂದು ಮುತ್ತಿನ ಬ್ರೇಸ್‌ಲೆಟ್ ಕೊಡೋಣ ಅಂದುಕೊಂಡಿದ್ದೇನೆ. ಅಂಗಡಿಯಲ್ಲಿ ಗೊಂಚಲು ಗೊಂಚಲಾಗಿ ನೇತುಹಾಕಿರುತ್ತಾರಲ್ಲ, ಅದು ಬೇಡ. ಕೈಯಲ್ಲಿ ಗಂಟು ಹಾಕಿ ಪೋಣಿಸಿದ್ದು ಬೇಕು. ನಮಗೆ ಹೈದರಾಬಾದ್ ಹತ್ತಿರ, ಅಲ್ಲಿಗೇ ಹೋಗಿ ತರುತ್ತೇವೆ. ಬಜೆಟ್ 5–6 ಸಾವಿರ.

ಅಲ್ಲಿ ಎಲ್ಲರೂ ಎಲ್ಲವನ್ನೂ "ಒರಿಜಿನಲ್ ಮೋತಿ" ಅನ್ನುತ್ತಾರೆ. ನಾವು ಏನು ನೋಡಿ ನಂಬಬೇಕು? ಇನ್ನೊಂದು, ಅವಳು ಟೀಚರ್, ದಿನಾ ಹಾಕಿಕೊಳ್ಳುತ್ತೇನೆ ಅನ್ನುತ್ತಾಳೆ. ನಮ್ಮತ್ತೆ "ಮುತ್ತು ಕೊರಳಿಗೆ ಸರಿ, ಕೈಗೆ ತಡೆಯಲ್ಲ" ಅನ್ನುತ್ತಿದ್ದಾರೆ. ಹೌದಾ?

ಮಲ್ಲಿಗೆಮೊಗ್ಗು
ಹಲ್ಲಿಗೆ ಉಜ್ಜಿ ನೋಡಿ. ಮರಳು ಮರಳಾಗಿ ತಾಗಿದರೆ ಅಸಲಿ, ನುಣ್ಣಗೆ ಜಾರಿದರೆ ನಕಲಿ. ಅಷ್ಟೇ.

ಧಾರವಾಡದ ಗೌರಿ
ಅಂಗಡಿಯಲ್ಲಿ ನಿಮಗಿಂತ ಮುಂಚೆ ಎಷ್ಟು ಜನ ಅದನ್ನು ಹಲ್ಲಿಗೆ ಉಜ್ಜಿದ್ದಾರೋ ಯಾರಿಗೆ ಗೊತ್ತು! ಬೇಡ ರೀ. ಎರಡು ಮುತ್ತು ತೊಗೊಂಡು ಒಂದಕ್ಕೊಂದು ಮೆಲ್ಲಗೆ ಉಜ್ಜಿದರೂ ಅದೇ ಗೊತ್ತಾಗುತ್ತದೆ.

ಪತ್ತಾರರ ಮನೆ
ಗೌರಿ ಅಕ್ಕ ಹೇಳಿದ್ದು ಸರಿ. ಎರಡು ಮುತ್ತು ಉಜ್ಜಿದರೆ ಚೂರು ತರಿ ತರಿ ಅನ್ನಿಸಬೇಕು. ಸಣ್ಣ ಬಿಳಿ ಪುಡಿ ಬಂದರೂ ಬರಬಹುದು. ಒರೆಸಿದ ಮೇಲೆ ಮುತ್ತು ಮೊದಲಿನಂತೆಯೇ ಇರಬೇಕು. ಗಾಜು, ಪ್ಲಾಸ್ಟಿಕ್ ಮಣಿಗಳು ನುಣ್ಣಗೆ ಜಾರುತ್ತವೆ, ಇಲ್ಲವೇ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಆದರೆ ನನ್ನ ಕೇಳಿದರೆ, ಮೊದಲು ತೂತು ನೋಡಿ. ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ 10 ಪಟ್ಟು ದೊಡ್ಡದು ಮಾಡುವ ಗಾಜು ಎಲ್ಲ ಮುತ್ತಿನ ಅಂಗಡಿಯಲ್ಲೂ ಇರುತ್ತದೆ. ಕೇಳಿದರೆ ಕೊಡುತ್ತಾರೆ, ಕೊಡದಿದ್ದರೆ ಎದ್ದು ಬನ್ನಿ. ಅಸಲಿ ಮುತ್ತಿನ ತೂತಿನ ಅಂಚು ಚೂಪಾಗಿ, ಸ್ವಚ್ಛವಾಗಿ ಇರುತ್ತದೆ. ನಕಲಿಯಲ್ಲಿ ತೂತಿನ ಸುತ್ತ ಬಣ್ಣ ಉಬ್ಬಿರುತ್ತದೆ, ಇಲ್ಲವೇ ಚಕ್ಕೆ ಎದ್ದು ಒಳಗಿನ ಗಾಜು ಕಾಣುತ್ತದೆ. ಬಣ್ಣ ಹಾಕಿದ ಮುತ್ತಾದರೆ ತೂತಿನ ಬಾಯಲ್ಲಿ ಬಣ್ಣ ಕಟ್ಟಿಕೊಂಡಿರುತ್ತದೆ. ಕೈಯಲ್ಲಿ ಹಿಡಿದಾಗ ತಣ್ಣಗಿದೆ ಅಂತ ನಂಬಬೇಡಿ, ಗಾಜೂ ತಣ್ಣಗಿರುತ್ತದೆ. ಲೈಟರ್ ಹಚ್ಚಿ ತೋರಿಸುವವರಿದ್ದಾರೆ. ಅದನ್ನಂತೂ ಮಾಡಲು ಬಿಡಬೇಡಿ, ಒಳ್ಳೆ ಮುತ್ತು ಬಿಸಿಗೆ ಹಾಳಾಗುತ್ತದೆ.

ಇನ್ನು ನಿಮ್ಮತ್ತೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕೊರಳಲ್ಲಿ ಮುತ್ತು ಸುಮ್ನೆ ಕೂತಿರುತ್ತದೆ. ಕೈಯಲ್ಲಿ ಮೇಜಿಗೆ ಉಜ್ಜುತ್ತದೆ, ನೀರು, ಸೋಪು, ಬೆವರು ಎಲ್ಲ ತಾಗುತ್ತದೆ. ಹಾಗಾಗಿ ಬ್ರೇಸ್‌ಲೆಟ್‌ಗೆ ಯಾವ ಮುತ್ತು, ಯಾವ ದಾರ, ಯಾವ ಗಂಟು ಅನ್ನುವುದು ಸರಕ್ಕಿಂತ ಜಾಸ್ತಿ ಮುಖ್ಯ. ಈ ಮೂರು ಸರಿಯಿದ್ದರೆ ಧೈರ್ಯವಾಗಿ ಕೊಡಿ.

ಬೀದರ್‌ಸೊಸೆ
ಅಣ್ಣಾ, ಯಾವ ಮುತ್ತು ಅಂತ ಬಿಡಿಸಿ ಹೇಳಿ. ಒಬ್ಬರು ಫೋನಲ್ಲಿ "ಬಸ್ರಾ ಮೋತಿ ಇದೆ, ನಿಮ್ಮ ಬಜೆಟ್‌ಗೆ ಕೂರಿಸಿಕೊಡ್ತೀನಿ" ಅಂದರು.

ಕಾಚಿಗುಡದವ
ಆ ಅಂಗಡಿಗೆ ಕಾಲಿಡಬೇಡಿ.

ಮನಾಮಾ ಕನ್ನಡಿಗ
ನಾನು ಬಹರೈನ್‌ನಲ್ಲಿದ್ದೇನೆ, ಬಸ್ರಾ ಮುತ್ತಿನ ತವರು ಇದೇ ಕೊಲ್ಲಿ. ಹಾಗಾಗಿ ಮಾತಾಡಲೇಬೇಕು. ಬಸ್ರಾ ಮುತ್ತು ಅಂದರೆ ಈ ಸಮುದ್ರದಲ್ಲಿ ತಾನಾಗಿಯೇ ಬೆಳೆದ ಮುತ್ತು. ಹಿಂದೆ ಬಸ್ರಾ ಊರಿನ ವ್ಯಾಪಾರಿಗಳ ಮೂಲಕ ನಮ್ಮ ಕಡೆಗೆ ಬರುತ್ತಿತ್ತು, ಹಾಗಾಗಿ ಆ ಹೆಸರು. ಮುಳುಗುಗಾರರು ಮೂಗಿಗೆ ಕ್ಲಿಪ್ ಹಾಕಿಕೊಂಡು, ಕಾಲಿಗೆ ಕಲ್ಲು ಕಟ್ಟಿಕೊಂಡು ಇಳಿದು ಚಿಪ್ಪು ತರುತ್ತಿದ್ದರು. ನೂರಾರು ಚಿಪ್ಪು ಬಿಚ್ಚಿದರೂ ಒಂದು ಒಳ್ಳೆ ಮುತ್ತು ಸಿಗುವುದು ಕಷ್ಟವಾಗಿತ್ತು. ಜಪಾನಿನ ಕೃಷಿ ಮುತ್ತು, ಅಂದರೆ ಚಿಪ್ಪಿನೊಳಗೆ ಮನುಷ್ಯರೇ ಚೂರು ಇಟ್ಟು ಬೆಳೆಸುವ ಮುತ್ತು, ಬಂದಮೇಲೆ, 1930ರ ಹೊತ್ತಿಗೆ ಈ ವ್ಯಾಪಾರ ಬಿದ್ದೇ ಹೋಯಿತು. 1932ರಲ್ಲಿ ಇಲ್ಲಿ ಎಣ್ಣೆ ಸಿಕ್ಕಿತು, ಜನ ಆ ಕಡೆ ಹೋದರು.

ಬಹರೈನ್‌ನಲ್ಲಿ ಇವತ್ತಿಗೂ ಕೃಷಿ ಮುತ್ತು ಮಾರುವಂತಿಲ್ಲ. ಮುತ್ತಿನ ಪರೀಕ್ಷೆಗೇ ದಾನತ್ ಅನ್ನುವ ಪ್ರಯೋಗಾಲಯ ಇದೆ. ಸಹಜ ಮುತ್ತೋ ಕೃಷಿ ಮುತ್ತೋ ಅಂತ ಖಚಿತವಾಗಿ ಹೇಳಬೇಕಾದರೆ ಎಕ್ಸ್‌ರೇ ತೆಗೆದು ಒಳಗೆ ನೋಡಬೇಕು, ಕಣ್ಣಳತೆ ಸಾಲದು. ಪ್ರಯೋಗಾಲಯದ ಚೀಟಿ ಇಲ್ಲದೆ ಬಸ್ರಾ ಅಂದರೆ ಅದು ಬರೀ ಬಾಯಿಮಾತು. 6 ಸಾವಿರಕ್ಕೆ ಒಂದು ಕೈತುಂಬ ಬಸ್ರಾ ಮುತ್ತು ಈ ಜನ್ಮದಲ್ಲಿ ಬರುವುದಿಲ್ಲ.

ಕಾಚಿಗುಡದವ
ಹೈದರಾಬಾದಿನ ಅಂಗಡಿಗಳಲ್ಲಿ ನಿಮ್ಮ ಬಜೆಟ್‌ಗೆ ಸಿಗುವುದು ಸಿಹಿನೀರಿನ ಕೃಷಿ ಮುತ್ತು. ಬಹುತೇಕ ಎಲ್ಲ ಚೀನಾದಿಂದ ಬರುತ್ತದೆ, ಅಲ್ಲಿನ ಝೂಜಿ ಅನ್ನುವ ಊರು ಅದಕ್ಕೆ ದೊಡ್ಡ ಮಾರುಕಟ್ಟೆ. ಹೈದರಾಬಾದಿನ ಕೈಚಳಕ ಇರುವುದು ಆಮೇಲಿನ ಕೆಲಸದಲ್ಲಿ. ಆರಿಸುವುದು, ತೂತು ಕೊರೆಯುವುದು, ಬಣ್ಣ, ಹೊಳಪು, ಗಾತ್ರಕ್ಕೆ ಜೊತೆ ಹೊಂದಿಸುವುದು, ಪೋಣಿಸುವುದು. ಅಂಗಡಿಯವರು ಚೀನಾದ ಮುತ್ತು ಅಂತ ನೇರವಾಗಿ ಒಪ್ಪಿಕೊಂಡರೆ ಅವರ ಮೇಲೆ ನಂಬಿಕೆ ಜಾಸ್ತಿ ಆಗಬೇಕು, ಕಡಿಮೆ ಅಲ್ಲ.

ಮಲ್ಲಿಗೆಮೊಗ್ಗು
ಚೀನಾ ಮಾಲಿಗೆ 6 ಸಾವಿರ ಯಾಕೆ ಕೊಡಬೇಕು? ಮದುವೆ ಉಡುಗೊರೆ ರೀ ಅದು! ಜಪಾನಿನ ಅಕೋಯಾ ಅನ್ನುವ ಸಮುದ್ರದ ಕೃಷಿ ಮುತ್ತು ನೋಡಿ.

ಪತ್ತಾರರ ಮನೆ
ಅಕೋಯಾ ಹೊಳಪು ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ದಿನಾ ಹಾಕುವ ಬ್ರೇಸ್‌ಲೆಟ್‌ಗೆ ನಾನು ಸಿಹಿನೀರಿನದನ್ನೇ ಆರಿಸುತ್ತೇನೆ. ಅಕೋಯಾದಲ್ಲಿ ನಡುವೆ ಚಿಪ್ಪಿನಿಂದ ಮಾಡಿದ ಗುಂಡು ಇರುತ್ತದೆ, ಅದರ ಮೇಲೆ ಅರ್ಧ ಮಿಲಿಮೀಟರ್ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ, ಮುತ್ತಿನ ಪದರ. ಸಿಹಿನೀರಿನ ಮುತ್ತಿಗೆ ಸಾಮಾನ್ಯವಾಗಿ ಗುಂಡು ಇಡುವುದಿಲ್ಲ. ಇನ್ನೊಂದು ಕಪ್ಪೆಚಿಪ್ಪಿನ ಅಂಗಾಂಶದ ಚೂರು ಇಡುತ್ತಾರೆ. ಹಾಗಾಗಿ ಒಳಗಿನವರೆಗೂ ಹೆಚ್ಚುಕಡಿಮೆ ಪೂರ್ತಿ ಮುತ್ತೇ. ಉಜ್ಜಾಟ ತಡೆಯುತ್ತದೆ. ದುಡ್ಡು ಕಡಿಮೆ ಅಂತ ಕೀಳಲ್ಲ, ಕೈಗೆ ಅದೇ ಸರಿ.

ಆರಿಸುವಾಗ ದೊಡ್ಡ ಗಾತ್ರಕ್ಕೆ ಮರುಳಾಗಬೇಡಿ. 6ರಿಂದ 7 ಮಿಲಿಮೀಟರ್ ಸಾಕು. 10 ಮಿಲಿಮೀಟರ್ ಗುಂಡು ಮುತ್ತು ಮಣಿಕಟ್ಟಿನಲ್ಲಿ ಎತ್ತರಕ್ಕೆ ನಿಂತು ಎಲ್ಲಕ್ಕೂ ಬಡಿಯುತ್ತದೆ. ಮೊದಲು ಹೊಳಪು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಮುತ್ತಿನ ಮೇಲೆ ಬೆಳಕಿನ ಗೆರೆ ಚೂಪಾಗಿ ಕಾಣಬೇಕು, ನಿಮ್ಮ ಮುಖದ ನೆರಳು ಕಾಣಬೇಕು. ಸೀಮೆಸುಣ್ಣದಂತೆ ಬೆಳ್ಳಗೆ ಮಂಕಾಗಿದ್ದರೆ ಎಷ್ಟೇ ಗುಂಡಗಿದ್ದರೂ ಬಿಡಿ. ಅಂಗಡಿ ಒಳಗಿನ ಹಳದಿ ದೀಪಕ್ಕೆ ಎಲ್ಲವೂ ಚೆಂದ ಕಾಣುತ್ತದೆ. ಬಾಗಿಲ ಹತ್ತಿರ ಹಗಲು ಬೆಳಕಿಗೆ ತಂದು, ಬಿಳಿ ಬಟ್ಟೆ ಮೇಲೆ ಇಟ್ಟು ನೋಡಿ.

ಹಳೇಬೇರು
ಬಟನ್ ಮುತ್ತು ಅಂತ ಇದೆಯಲ್ಲ, ಒಂದು ಕಡೆ ಚಪ್ಪಟೆ. ಅದು ಕೈಗೆ ಚೆನ್ನಾಗಿ ಅಂಟಿ ಕೂರುತ್ತದೆ. ಗುಂಡು ಮುತ್ತಿಗಿಂತ ಅಗ್ಗ ಕೂಡ. ನನ್ನ ಮಗಳಿಗೆ ಅದೇ ಮಾಡಿಸಿದ್ದು.

ಧಾರವಾಡದ ಗೌರಿ
ನಂಗೆ ಸೊಟ್ಟಪಟ್ಟ ಆಕಾರದ ಬರೋಕ್ ಮುತ್ತೇ ಇಷ್ಟ. ಒಂದರಂತೆ ಇನ್ನೊಂದು ಇರುವುದಿಲ್ಲ. ಮತ್ತೆ ಎಲ್ಲ ಮುತ್ತೂ ಅಚ್ಚು ಹೊಡೆದಂತೆ ಒಂದೇ ಥರ ಇದ್ದು, ರೇಟು ಕಡಿಮೆ ಹೇಳಿದರೆ ಅನುಮಾನ ಪಡಬೇಕು.

ಕರಾವಳಿ ಕೂಸು
ಕಪ್ಪು ಮುತ್ತು ಹೇಗೆ? ಸೀರೆಗೆ ಬಹಳ ಚೆಂದ ಕಾಣುತ್ತದೆ.

ಪತ್ತಾರರ ಮನೆ
ಸಹಜವಾಗಿ ಕಪ್ಪಾಗಿ ಬೆಳೆಯುವುದು ಟಹೀಟಿ ಕಡೆಯ ಕಪ್ಪುತುಟಿ ಚಿಪ್ಪಿನಲ್ಲಿ, ಅದರ ಬೆಲೆಯೇ ಬೇರೆ. ಸಿಹಿನೀರಿನ ಕಪ್ಪು ಮುತ್ತು ಅಂದರೆ ಬಣ್ಣ ಕೊಟ್ಟಿದ್ದು. ಬಿಳಿ, ಪೀಚ್, ತಿಳಿಗುಲಾಬಿ, ತಿಳಿನೇರಳೆ ಇವು ಸಿಹಿನೀರಿನಲ್ಲಿ ತಾನಾಗಿಯೇ ಬರುವ ಬಣ್ಣಗಳು. ಬಣ್ಣ ಕೊಟ್ಟಿದ್ದನ್ನು ಇಷ್ಟಪಟ್ಟು ಕೊಂಡರೆ ತಪ್ಪೇನಿಲ್ಲ. ಅದನ್ನು ಹೇಳದೆ ಮಾರಿದರೆ ಮಾತ್ರ ತಪ್ಪು.

ಬೀದರ್‌ಸೊಸೆ
ತುಂಬಾ ಉಪಯೋಗ ಆಗುತ್ತಿದೆ. ಲಾಡ್ ಬಜಾರ್‌ಗೆ ಹೋದರೆ ಸಾಕಲ್ವಾ?

ಕಾಚಿಗುಡದವ
ಲಾಡ್ ಬಜಾರ್ ಅರಗಿನ ಬಳೆಗೆ ಹೆಸರುವಾಸಿ. ಮುತ್ತಿಗೆ ಪತ್ಥರ್‌ಗಟ್ಟಿ. ಚಾರ್ಮಿನಾರ್ ಕಡೆಯಿಂದ ಗುಲ್ಜಾರ್ ಹೌಜ್ ದಾಟಿ ಮದೀನಾ ಕಡೆ ನಡೆಯುತ್ತಾ ಬನ್ನಿ, ಎರಡೂ ಬದಿ ಮುತ್ತಿನ ಅಂಗಡಿಗಳೇ. ಬಶೀರ್‌ಬಾಗ್, ಅಬಿಡ್ಸ್ ಕಡೆಯೂ ದೊಡ್ಡ ಅಂಗಡಿಗಳಿವೆ. ಬೆಳಿಗ್ಗೆ ಹೋಗಿ. ಬಿಡಿ ಮುತ್ತು ಆರಿಸಿಕೊಟ್ಟರೆ ಸಂಜೆಯೊಳಗೆ ಕೈಯಲ್ಲಿ ಗಂಟು ಹಾಕಿ ಕೊಡುವವರು ಅಲ್ಲೇ ಸಿಗುತ್ತಾರೆ.

ಕರಾವಳಿ ಕೂಸು
ವಿಷಯ ಬೇರೆ, ಆದರೂ ಕೇಳುತ್ತೇನೆ. ಸಮುದ್ರವೇ ಇಲ್ಲದ ಊರು ಮುತ್ತಿನ ಊರು ಹೇಗಾಯಿತು?

ಕಾಚಿಗುಡದವ
ಕೊಳ್ಳುವವರು ಇಲ್ಲಿದ್ದರು, ಅದಕ್ಕೆ. ಕುತುಬ್‌ಶಾಹಿಗಳ ಕಾಲದಿಂದಲೂ ಗೋಲ್ಕೊಂಡ ವಜ್ರದ ಪೇಟೆ. ಆಮೇಲೆ ನಿಜಾಮರಿಗೆ ಮುತ್ತಿನ ಹುಚ್ಚು. ಕೊಲ್ಲಿಯ ಮುತ್ತು ಇಲ್ಲಿಗೆ ಬಂತು, ಅದರ ಹಿಂದೆ ಕೊರೆಯುವವರು, ಪೋಣಿಸುವವರು ಬಂದು ನೆಲೆಸಿದರು. ನಿಜಾಮರ ಒಡವೆಗಳನ್ನು 1995ರಲ್ಲಿ ಕೇಂದ್ರ ಸರ್ಕಾರ 218 ಕೋಟಿ ರೂಪಾಯಿಗೆ ಕೊಂಡಿತು. ಅದರಲ್ಲಿ ಸತ್‌ಲಡಾ ಅನ್ನುವ ಏಳೆಳೆ ಬಸ್ರಾ ಮುತ್ತಿನ ಸರ ಇದೆ. ಸಾಲಾರ್‌ಜಂಗ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು.

ಮನಾಮಾ ಕನ್ನಡಿಗ
ನಮ್ಮ ದೇಶದಲ್ಲೂ ಮುತ್ತಿತ್ತು, ಮರೆಯಬೇಡಿ. ತೂತುಕುಡಿ ಕಡೆಯ ಮನ್ನಾರ್ ಕೊಲ್ಲಿ ಶತಮಾನಗಳಿಂದ ಹೆಸರುವಾಸಿ. 1973ರಲ್ಲಿ ಅಲ್ಲೇ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಭಾರತದ ಮೊದಲ ಕೃಷಿ ಮುತ್ತು ಬೆಳೆದರು.

ಮಲ್ಲಿಗೆಮೊಗ್ಗು
ಜಾತಕದಲ್ಲಿ ಚಂದ್ರನಿಗೆ ಮುತ್ತು ಹಾಕು ಅಂದಿದ್ದಾರೆ ನಂಗೆ. ಬ್ರೇಸ್‌ಲೆಟ್ ಹಾಕಿದರೆ ನಡೆಯುತ್ತದಾ, ಉಂಗುರವೇ ಆಗಬೇಕಾ?

ಧಾರವಾಡದ ಗೌರಿ
ಅದನ್ನು ಜಾತಕ ನೋಡಿದವರನ್ನೇ ಕೇಳವ್ವ. ಇಲ್ಲಿ ದಾರದ ಮಾತು ಇನ್ನೂ ಮುಗಿದಿಲ್ಲ.

ನಾನು ಹೇಳುವುದು ಇಷ್ಟು. ಎಲಾಸ್ಟಿಕ್ ದಾರದ್ದು ತೊಗೋಬೇಡಿ. ಹಾಕಿ ತೆಗೆಯಲು ಸುಲಭ ಅಂತ ಈಗ ಎಲ್ಲ ಕಡೆ ಅದೇ ಮಾರುತ್ತಾರೆ. ಎಳೆದಾಗೆಲ್ಲ ಮುತ್ತಿಗೆ ಮುತ್ತು ಉಜ್ಜುತ್ತದೆ. ತೂತಿನ ಅಂಚಿಗೆ ಎಲಾಸ್ಟಿಕ್ ಕತ್ತರಿಸುತ್ತದೆ. ಒಂದು ದಿನ ಪಟ್ ಅಂತ ಹೋಗಿ ಮನೆ ತುಂಬ ಮುತ್ತು.

ಹಳೇಬೇರು
ಒಪ್ಪಲ್ಲ. ವಯಸ್ಸಾದವರಿಗೆ ಬೆರಳು ನೋವಿರುತ್ತದೆ, ಒಂದು ಕೈಯಲ್ಲಿ ಕೊಂಡಿ ಹಾಕುವುದು ಆಗಲ್ಲ. ನನಗೆ ಎಲಾಸ್ಟಿಕ್ ಬಿಟ್ಟರೆ ಬೇರೆ ದಾರಿ ಇಲ್ಲ. ವರ್ಷಕ್ಕೊಮ್ಮೆ ಬದಲಾಯಿಸಿದರೆ ಆಯ್ತು.

ಪತ್ತಾರರ ಮನೆ
ಅಮ್ಮಾ, ನಿಮಗೆ ಅಯಸ್ಕಾಂತದ ಕೊಂಡಿ ಹಾಕಿಸಿಕೊಡಬಹುದು, ಹತ್ತಿರ ತಂದರೆ ತಾನೇ ಕೂಡಿಕೊಳ್ಳುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಮಾತ್ರ ಬೇಡ. ಬೀದರಿನ ಅಕ್ಕನ ನಾದಿನಿಗೆ ಗಂಟಿನದೇ ಸರಿ.

ಗಂಟಿನ ಬಗ್ಗೆ. ರೇಷ್ಮೆ ದಾರದಲ್ಲಿ ಪ್ರತಿ ಮುತ್ತಿನ ನಡುವೆ ಒಂದು ಗಂಟು ಬರಬೇಕು. ಇದರಿಂದ ಎರಡು ಲಾಭ. ಮುತ್ತಿಗೆ ಮುತ್ತು ತಾಗಿ ಸವೆಯುವುದಿಲ್ಲ. ದಾರ ಕಿತ್ತರೂ ಒಂದೋ ಎರಡೋ ಮುತ್ತು ಬೀಳುತ್ತವೆ, ಎಲ್ಲ ಚೆಲ್ಲುವುದಿಲ್ಲ. ಗಂಟು ಮುತ್ತಿಗೆ ಅಂಟಿಕೊಂಡಿರಬೇಕು. ಎರಡು ತುದಿ ಹಿಡಿದು ಮೆಲ್ಲಗೆ ಎತ್ತಿ ನೋಡಿ, ಮುತ್ತು ಹಿಂದೆ ಮುಂದೆ ಜಾರಿದರೆ ಕೆಲಸ ಸಡಿಲ ಅಂತ ಅರ್ಥ. ಗಂಟು ತೂತಿನೊಳಗೆ ನುಗ್ಗುವಷ್ಟು ಸಣ್ಣದಿದ್ದರೂ ತಪ್ಪು, ದಾರ ತೆಳುವಾಯಿತು. ತೀರಾ ಬಿಗಿಯಾಗಿದ್ದರೆ ಬ್ರೇಸ್‌ಲೆಟ್ ಕಡ್ಡಿಯಂತೆ ನಿಲ್ಲುತ್ತದೆ, ಬಾಗುವುದಿಲ್ಲ. ಅದೂ ಬೇಡ.

ಕೊಂಡಿ ಸೇರುವ ಜಾಗ ಎಲ್ಲಕ್ಕಿಂತ ಮುಖ್ಯ. ದಾರ ಕೀಳುವುದು ಹೆಚ್ಚಾಗಿ ಅಲ್ಲೇ. ಒಳ್ಳೆ ಕೆಲಸದಲ್ಲಿ ಅಲ್ಲಿ ದಾರದ ಮೇಲೆ ಕೂದಲಿನಷ್ಟು ತೆಳ್ಳಗಿನ ಸುರುಳಿ ತಂತಿ ಹೊದಿಸಿರುತ್ತಾರೆ, ಲೋಹ ನೇರವಾಗಿ ದಾರಕ್ಕೆ ಉಜ್ಜುವುದಿಲ್ಲ. ಮೀನಿನ ಗಾಳದ ನೈಲಾನ್ ದಾರದಲ್ಲಿ ಪೋಣಿಸಿ ಅಂಟು ಹಾಕಿದ್ದರೆ ಅದನ್ನು ಕೈಕೆಲಸ ಅಂತ ನಾನು ಒಪ್ಪುವುದಿಲ್ಲ.

ಧಾರವಾಡದ ಗೌರಿ
ಸರಿಯಾಗಿ ಹೇಳಿದಿರಿ. ನಮ್ಮ ಕಡೆ ಒಡವೆ ಪೋಣಿಸುವ ಪಟವೇಗಾರರು ಈ ಕೆಲಸ ಎಷ್ಟು ಚೆಂದ ಮಾಡುತ್ತಿದ್ದರು! ಈಗ ಹುಡುಕಿದರೂ ಸಿಗುವುದು ಕಷ್ಟ. ಅಂಥ ಕೈ ಸಿಕ್ಕರೆ ಚೌಕಾಸಿ ಮಾಡಬೇಡಿ, ಕೇಳಿದಷ್ಟು ಕೂಲಿ ಕೊಡಿ.

ಹಳೇಬೇರು
ತೊಳೆಯುವುದು ನಾನು ಹೇಳುತ್ತೇನೆ. ಅಂಟವಾಳಕಾಯಿ ನೆನೆಸಿದ ನೀರಲ್ಲಿ ರಾತ್ರಿ ಹಾಕಿಡಿ, ಬೆಳಿಗ್ಗೆ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಹೈದರಾಬಾದಿನವರೇ ನಮಗೆ ಹೇಳಿಕೊಟ್ಟಿದ್ದು. ಅಮ್ಮನ ಕಾಲದ ಸರ ಇವತ್ತಿಗೂ ಹೊಸದರಂತಿದೆ.

ಕೆಮಿಸ್ಟ್ರಿ ಮೇಷ್ಟ್ರು
ದಯವಿಟ್ಟು ರಾತ್ರಿಯಿಡೀ ನೆನೆಸಬೇಡಿ! ಮುತ್ತು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಪದರಗಳನ್ನು ಹಿಡಿದಿಡುವುದು ಒಂದು ಪ್ರೋಟೀನು. ಹುಳಿ ತಾಗಿದರೆ ಕರಗುತ್ತದೆ. ಮೊಟ್ಟೆಯ ಚಿಪ್ಪನ್ನು ವಿನೆಗರ್‌ನಲ್ಲಿ ಹಾಕಿ ನೋಡಿ, ಗುಳ್ಳೆ ಏಳುತ್ತದಲ್ಲ, ಅದೇ ಕ್ರಿಯೆ. ಅಂಟವಾಳದ ನೀರೂ ಸ್ವಲ್ಪ ಆಮ್ಲೀಯವೇ. ಮೇಲಾಗಿ ರೇಷ್ಮೆ ದಾರ ನೀರು ಕುಡಿದು ಸಡಿಲಾಗುತ್ತದೆ, ತೂತಿನೊಳಗೆ ಕೊಳೆ ಹೋಗಿ ಕೂರುತ್ತದೆ.

ಹಳೇಬೇರು
ಮೇಷ್ಟ್ರೇ, ಐವತ್ತು ವರ್ಷದ ಸರ ಕಣ್ಣೆದುರಿಗಿದೆ. ಪುಸ್ತಕ ನೋಡಿ ಮಾತಾಡಬೇಡಿ.

ಕೆಮಿಸ್ಟ್ರಿ ಮೇಷ್ಟ್ರು
ಅಮ್ಮಾ, ನಿಮ್ಮ ಸರ ಚೆನ್ನಾಗಿರುವುದಕ್ಕೆ ನನಗೂ ಸಂತೋಷ. ನೀವು ಅದನ್ನು ವರ್ಷಕ್ಕೆ ಎಷ್ಟು ಸಲ ತೊಳೆಯುತ್ತೀರಿ?

ಹಳೇಬೇರು
ಗೌರಿ ಹಬ್ಬಕ್ಕೆ ಒಮ್ಮೆ.

ಕೆಮಿಸ್ಟ್ರಿ ಮೇಷ್ಟ್ರು
ಅದಕ್ಕೇ ಉಳಿದಿದೆ. ದಿನಾ ಹಾಕುವ ಬ್ರೇಸ್‌ಲೆಟ್‌ಗೆ ತಿಂಗಳಿಗೆರಡು ಸಲ ಹಾಗೆ ಮಾಡಿದರೆ ಕಥೆ ಬೇರೆ ಆಗುತ್ತದೆ. ನನ್ನ ಸಲಹೆ: ತೆಗೆದ ಕೂಡಲೇ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಬೆವರು, ಕ್ರೀಮು ಹೋಗಬೇಕು. ಜಾಸ್ತಿ ಕೊಳೆ ಅನ್ನಿಸಿದರೆ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಒಂದು ಹನಿ ಸೌಮ್ಯ ಸೋಪು ಹಾಕಿ ಒಂದೊಂದೇ ಮುತ್ತು ಒರೆಸಿ. ಆಮೇಲೆ ಬರೀ ಒದ್ದೆ ಬಟ್ಟೆಯಲ್ಲಿ ಇನ್ನೊಮ್ಮೆ. ಟವೆಲ್ ಮೇಲೆ ಮಲಗಿಸಿ ನೆರಳಲ್ಲಿ ಒಣಗಿಸಿ. ನೇತುಹಾಕಿದರೆ ಒದ್ದೆ ರೇಷ್ಮೆ ಹಿಗ್ಗುತ್ತದೆ.

ಟೂತ್‌ಪೇಸ್ಟ್, ಅಡುಗೆ ಸೋಡಾ, ಬಿಸಿನೀರು, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ ಯಾವುದೂ ಬೇಡ. ಮುತ್ತಿನ ಗಡಸುತನ ಮೋಸ್ ಅಳತೆಯಲ್ಲಿ (ಅದರಲ್ಲಿ ವಜ್ರಕ್ಕೆ 10) 2.5ರಿಂದ 4.5 ಅಷ್ಟೇ.

ಕರಾವಳಿ ಕೂಸು
ಬೆಳ್ಳಿ ಕೊಂಡಿ ಕಪ್ಪಾದರೆ? ಬೆಳ್ಳಿ ತೊಳೆಯುವ ದ್ರವದಲ್ಲಿ ಅದ್ದಬಹುದಾ?

ಪತ್ತಾರರ ಮನೆ
ಖಂಡಿತ ಬೇಡ, ಆ ದ್ರವ ಮುತ್ತಿಗೆ ವಿಷ. ಬೆಳ್ಳಿ ಒರೆಸುವ ಬಟ್ಟೆ ಸಿಗುತ್ತದೆ, ಕೊಂಡಿಗೆ ಮಾತ್ರ ತಾಗುವಂತೆ ಉಜ್ಜಿ. ಹುಣಸೆಹಣ್ಣು, ನಿಂಬೆಹಣ್ಣಂತೂ ಹತ್ತಿರ ತರಬೇಡಿ.

ಧಾರವಾಡದ ಗೌರಿ
ಅಡುಗೆಮನೆಗೆ ಹೋಗುವಾಗ ಬ್ರೇಸ್‌ಲೆಟ್ ಕೈಯಲ್ಲಿ ಇರಲೇಬಾರದು. ಹುಳಿ ಹಿಂಡುವುದು, ಚಿತ್ರಾನ್ನ ಕಲೆಸುವುದು, ಉಪ್ಪಿನಕಾಯಿ ಹಾಕುವುದು ಎಲ್ಲ ಆ ಕೈಯಲ್ಲೇ ಅಲ್ವಾ. ಸ್ಯಾನಿಟೈಸರ್ ಕೂಡ. ಮೇಕಪ್, ಸೆಂಟು, ಸನ್‌ಸ್ಕ್ರೀನ್ ಎಲ್ಲ ಮುಗಿದು ಒಣಗಿದ ಮೇಲೆ ಕೊನೆಗೆ ಹಾಕಬೇಕು, ಮನೆಗೆ ಬಂದ ಕೂಡಲೇ ಮೊದಲು ತೆಗೆಯಬೇಕು. ಮದುವೆ ದಿನ ಅರಿಶಿನ ಶಾಸ್ತ್ರ ಮುಗಿಯುವವರೆಗೆ ಕೊಡಬೇಡಿ. ಅರಿಶಿನ ಬಿಳಿ ರೇಷ್ಮೆ ದಾರಕ್ಕೆ ಹಿಡಿದರೆ ಹೋಗುವುದೇ ಇಲ್ಲ.

ಮಲ್ಲಿಗೆಮೊಗ್ಗು
ಇಷ್ಟೆಲ್ಲ ಮಾಡುವುದಾದರೆ ಹಾಕಿಕೊಳ್ಳುವುದು ಯಾವಾಗ! ಬ್ಯಾಂಕ್ ಲಾಕರ್‌ನಲ್ಲಿ ಇಟ್ಟುಬಿಡಲಿ.

ಕೆಮಿಸ್ಟ್ರಿ ಮೇಷ್ಟ್ರು
ಅದೂ ತಪ್ಪು. ಮುತ್ತಿನಲ್ಲಿ ಸ್ವಲ್ಪ ನೀರಿನ ಅಂಶ ಇರುತ್ತದೆ. ವರ್ಷಗಟ್ಟಲೆ ಒಣ ಜಾಗದಲ್ಲಿ ಮುಚ್ಚಿಟ್ಟರೆ ಬಿರುಕು ಬಿಡಬಹುದು. ಗಾಳಿಯಾಡದ ಪ್ಲಾಸ್ಟಿಕ್ ಕವರ್ ಬೇಡ, ಮೆತ್ತನೆ ಬಟ್ಟೆಯ ಚೀಲ ಸಾಕು. ಹರಳಿನ ಒಡವೆಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ಗೀರು ಬೀಳುತ್ತದೆ. ಹಾಕಿಕೊಳ್ಳುತ್ತಾ ಇರಲಿ, ತೆಗೆದಾಗ ಒರೆಸಲಿ. ಅರ್ಧ ನಿಮಿಷದ ಕೆಲಸ.

ಹಳೇಬೇರು
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಸುಮ್ನೆ ಹೇಳಿಲ್ಲ ಹಿರಿಯರು. ಮೇಷ್ಟ್ರೇ, ಮುಂದಿನ ಹಬ್ಬಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡುತ್ತೇನೆ. ಹೊಳಪು ಬರದಿದ್ದರೆ ಮತ್ತೆ ಅಂಟವಾಳವೇ.

ಬೀದರ್‌ಸೊಸೆ
ಎಲ್ಲರಿಗೂ ಧನ್ಯವಾದ. ಬಟನ್ ಆಕಾರದ ಸಿಹಿನೀರಿನ ಮುತ್ತು, 7 ಮಿಲಿಮೀಟರ್, ರೇಷ್ಮೆ ದಾರ, ಪ್ರತಿ ಮುತ್ತಿಗೂ ಗಂಟು ಅಂತ ತೀರ್ಮಾನ ಮಾಡಿದೆವು. ಅತ್ತೆಗೂ ಓದಿ ಹೇಳಿದೆ, ಒಪ್ಪಿದ್ದಾರೆ. ಅಳತೆ ಹೇಗೆ ಕೊಡಬೇಕು? ನಾದಿನಿಗೆ ಗೊತ್ತಾಗದಂತೆ ಕೊಡಬೇಕು ಅಂತ ಆಸೆ, ಅವಳನ್ನು ಅಂಗಡಿಗೆ ಕರೆದೊಯ್ಯುವಂತಿಲ್ಲ. ಮತ್ತೆ ದಾರ ಎಷ್ಟು ದಿನಕ್ಕೆ ಬದಲಾಯಿಸಬೇಕು?

ಮಲ್ಲಿಗೆಮೊಗ್ಗು
ಅವಳ ವಾಚ್ ಪಟ್ಟಿ ಯಾವ ತೂತಿಗೆ ಹಾಕುತ್ತಾಳೆ ನೋಡಿ, ಅಷ್ಟು ಉದ್ದ ಅಳೆದುಕೊಳ್ಳಿ.

ಪತ್ತಾರರ ಮನೆ
ಒಳ್ಳೆ ಉಪಾಯ. ಆ ಅಳತೆಗೆ ಮುಕ್ಕಾಲು ಇಂಚು ಸೇರಿಸಿ. ಮುತ್ತಿಗೆ ದಪ್ಪ ಇರುವುದರಿಂದ ಒಳಸುತ್ತು ಕಡಿಮೆಯಾಗುತ್ತದೆ. ಮಣಿಕಟ್ಟು 6 ಇಂಚಾದರೆ ಬ್ರೇಸ್‌ಲೆಟ್ 6 ಮುಕ್ಕಾಲು, ಹೆಚ್ಚೆಂದರೆ 7 ಇಂಚು. ಸಡಿಲ ಜಾಸ್ತಿಯಾದರೆ ಮೇಜಿಗೆ ಬಡಿಯುತ್ತದೆ. ಕೊಂಡಿಯ ಪಕ್ಕ ಒಂದಿಂಚು ಸಣ್ಣ ಸರಪಳಿ ಹಾಕಿಸಿ, ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಟೀಚರ್ ಅಂದಿರಲ್ಲ, ಬರೆಯುವ ಕೈಗೆ ಹಾಕುವುದು ಬೇಡ, ಇನ್ನೊಂದು ಕೈಗೆ ಹಾಕಲಿ.

ದಿನಾ ಹಾಕಿದರೆ ದಾರ ವರ್ಷಕ್ಕೊಮ್ಮೆ, ಹಬ್ಬ ಮದುವೆಗೆ ಮಾತ್ರವಾದರೆ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಿ. ಗಂಟು ಕಪ್ಪಾಗಿದ್ದರೆ, ಮುತ್ತಿನ ನಡುವೆ ದಾರ ಕಾಣತೊಡಗಿದರೆ ಅದಕ್ಕೂ ಮೊದಲೇ. ಈಗಲೇ ಅದೇ ಹೊಳಪಿನ ಎರಡು ಬಿಡಿ ಮುತ್ತು ಜಾಸ್ತಿ ತೆಗೆದುಕೊಳ್ಳಿ. ಆಮೇಲೆ ಒಂದು ಕಳೆದುಹೋದರೆ ಅದಕ್ಕೆ ಜೊತೆ ಹುಡುಕುವುದು ಬಹಳ ಕಷ್ಟ. ಬಿಲ್ಲಿನಲ್ಲಿ "ಸಿಹಿನೀರಿನ ಕೃಷಿ ಮುತ್ತು" ಅಂತ ಬರೆಸಿ, ಕೊಂಡಿ ಬೆಳ್ಳಿಯದಾದರೆ 925 ಅಂತ ಶುದ್ಧತೆಯ ಗುರುತು ಇದೆಯಾ ನೋಡಿ.

ಕಾಚಿಗುಡದವ
ಬರುವ ದಿನ ಇಲ್ಲೇ ತಿಳಿಸಿ ಅಕ್ಕ. ಗಂಟು ಹಾಕುವ ಒಬ್ಬ ಹಿರಿಯರು ಪತ್ಥರ್‌ಗಟ್ಟಿಯ ಒಳಗಲ್ಲಿಯಲ್ಲಿ ಕೂರುತ್ತಾರೆ. ಮುಂಚೆಯೇ ಹೇಳಿಟ್ಟರೆ ಅವತ್ತು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.